ಚೂರಿಯ ಗಾಯ ಮತ್ತು ಅವಸರದ ತೀರ್ಪು

ನಮ್ಮ ಹೋಟೇಲು ಬಂಧುಗಳಲ್ಲಿ ಒಬ್ಬನು ಅಡುಗೆಮನೆಯಲ್ಲಿ ರಕ್ತದ ಮಡುವಿನಲ್ಲಿ ಬಿದ್ದನೆಂದರೆ, ಅವನ ದೇಹವು ಆಸ್ಪತ್ರೆಗೆ ಮುಟ್ಟುವ ಮೊದಲೇ ಮೂರು ತೀರ್ಪುಗಳು ಹೊರಬಿದ್ದಿರುತ್ತವೆ. ಗಲ್ಲಾದ ಮೇಲೆ ಕುಳಿತವರು "ತಾನೇ ಮಾಡಿಕೊಂಡ" ಎನ್ನುತ್ತಾರೆ. ಅಟ್ಟದ ಮೇಲೆ ಮಲಗುವ ಹುಡುಗರು "ಯಾರೋ ಹಾಕಿದರು" ಎಂದು ಪಿಸುಗುಟ್ಟುತ್ತಾರೆ. ಕೆಲಸ ಹೋದೀತೆಂದು ಹೆದರಿದವರು "ಜಾರಿ ಬಿದ್ದ, ಅವನ ಹಣೆಬರಹ" ಎಂದು ಕೈ ತೊಳೆದುಕೊಳ್ಳುತ್ತಾರೆ. ಈ ಮೂರರಲ್ಲಿ ಯಾವುದು ದಿಟವೆಂಬುದಕ್ಕೆ ಬೇಕಾದ ಸಾಕ್ಷಿ ಮಾತ್ರ ಬಾಯಿಲ್ಲದೆ ಅಲ್ಲಿಯೇ ಬಿದ್ದಿರುತ್ತದೆ. ಆ ಸಾಕ್ಷಿಯನ್ನು ಓದಬಲ್ಲ ವೈದ್ಯರು ಬರುವ ಮೊದಲು ಅರ್ಧವನ್ನು ನಾವೇ ನೀರು ಹೊಯ್ದು ಮೋರಿಗೆ ಬಿಟ್ಟಿರುತ್ತೇವೆ. ಇದು ಕಹಿಯಾದ ಮಾತಾದರೂ ಹೇಳದೆ ವಿಧಿಯಿಲ್ಲ.

ಕೆಲವು ವರ್ಷಗಳ ಹಿಂದಿನ ಸಂಗತಿಯೊಂದನ್ನು ನಾವು ಇಲ್ಲಿ ತಿಳಿಸಬೇಕಾಗಿದೆ. ಈ ಮುಂಬಯಿ ನಗರದ ಒಂದು ಹೋಟೇಲು, ಹೆಸರು ಬೇಡ. ಕುಂದಾಪುರದ ಕಡೆಯ ಒಬ್ಬ ತರುಣ, ತರಕಾರಿ ಹೆಚ್ಚುವ ಕೆಲಸದವನು, ಬೆಳಗಿನ ಐದು ಗಂಟೆಯ ಹೊತ್ತಿಗೆ ಮೋರಿಯ ಪಕ್ಕದಲ್ಲಿ ಬಿದ್ದಿದ್ದ. ತೊಡೆಯ ಸಂದಿನಲ್ಲಿ ಒಂದೇ ಒಂದು ಗಾಯ. ಪಕ್ಕದಲ್ಲಿ ಉದ್ದನೆಯ ಚೂರಿ. ಕಂಡವರು ಯಾರೂ ಇಲ್ಲ. ಹಿಂದಿನ ರಾತ್ರಿ ಮಲಗುವ ಜಾಗದ ವಿಷಯಕ್ಕೆ ಅವನಿಗೂ ಪಾತ್ರೆ ತೊಳೆಯುವ ಹುಡುಗನಿಗೂ ಮಾತಿಗೆ ಮಾತು ಬೆಳೆದಿತ್ತು. ಅಷ್ಟೇ ಸಾಕಾಯಿತು. ಆ ಹುಡುಗನನ್ನು ಠಾಣೆಗೆ ಕರೆದರು. ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಕರೆದರು. ಹೀಗೆ ಮೂರು ದಿನ. ಇತ್ತ ಮ್ಯಾನೇಜರರು ಊರಿಗೆ ಫೋನು ಮಾಡಿ, ನಿಮ್ಮ ಮಗ ಜೀವ ಬೇಸರವಾಗಿ ಹೀಗೆ ಮಾಡಿಕೊಂಡನೆಂದು ಆ ತಾಯಿಗೆ ಹೇಳಿಬಿಟ್ಟಿದ್ದರು. ಆರು ಗಂಟೆಗೆ ಗಿರಾಕಿ ಬರುತ್ತಾರೆಂದು, ಪೋಲೀಸರು ಬರುವ ಮೊದಲೇ ನೆಲಕ್ಕೆ ನಾಲ್ಕು ಬಕೆಟ್ ನೀರು ಬಿದ್ದಿತ್ತು.

ನಾವು ಸಂಘದ ಪರವಾಗಿ ಶವಾಗಾರದ ಬಾಗಿಲಲ್ಲಿ ಕುಳಿತಿದ್ದಾಗ, ಪರೀಕ್ಷೆ ಮುಗಿಸಿ ಬಂದ ಡಾಕ್ಟರರು ಕೇಳಿದ ಮೊದಲ ಪ್ರಶ್ನೆ ಇದು: "ಆ ನೆಲ ಒಣಗಿತ್ತೋ ಒದ್ದೆಯಾಗಿತ್ತೋ?" ನಮ್ಮಲ್ಲಿ ಯಾರೂ ಉತ್ತರ ಹೇಳದಾದೆವು. ಕೊನೆಗೆ ದೋಸೆಯ ಭಟ್ಟರೊಬ್ಬರು, ಗ್ರೈಂಡರಿನಿಂದ ಹಿಟ್ಟು ತೋಡುವಾಗ ಚೆಲ್ಲಿತ್ತೆಂದೂ, ಸತ್ತವನ ಚಪ್ಪಲಿಯ ಅಡಿಗೆ ಆ ಹಿಟ್ಟು ಹತ್ತಿದ್ದನ್ನು ತಾವು ಕಂಡಿದ್ದರೆಂದೂ ಹೇಳಿದರು. ಚಪ್ಪಲಿ ಮಾತ್ರ ಯಾರೋ ಎತ್ತಿ ಇಟ್ಟಿದ್ದರಿಂದ ಉಳಿದಿತ್ತು. ದೇಹದ ಬಲ ಮೊಣಕೈ, ಮೊಣಕಾಲು ಮತ್ತು ಸೊಂಟದ ಬದಿಯಲ್ಲಿ ಬಿದ್ದ ಪೆಟ್ಟಿನ ತರಚು, ಕಂದುಗಟ್ಟಿದ ಗುರುತು. ಪ್ಯಾಂಟಿನ ಬಟ್ಟೆ ಗಾಯದ ನೇರಕ್ಕೇ ಹರಿದಿತ್ತು. ತಡೆಯಲು ಹೋದವನ ಕೈಗೆ ಆಗುವಂಥ ಹೊಸ ಗಾಯ ಒಂದೂ ಇರಲಿಲ್ಲ. ಇವನ್ನೆಲ್ಲ ಕೂಡಿಸಿ, ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿ ರಕ್ತ ಹೋಗಿ ಮರಣವೆಂದೂ, ಜಾರಿ ಚೂರಿಯ ಮೇಲೆ ಬಿದ್ದುದಕ್ಕೆ ಗಾಯಗಳು ಹೊಂದುತ್ತವೆಂದೂ ಡಾಕ್ಟರರು ಬರೆದರು. ಪಾತ್ರೆ ತೊಳೆಯುವ ಹುಡುಗ ಮನೆಗೆ ಬಂದ. ಅವನನ್ನು ಉಳಿಸಿದ್ದು ಒಂದು ಹಳೆಯ ಚಪ್ಪಲಿ ಎಂದರೂ ತಪ್ಪಲ್ಲ.

ಈ ವಿದ್ಯೆಯ ಬಗ್ಗೆ ನಮ್ಮ ಬಂಧುಗಳು ಸ್ವಲ್ಪವಾದರೂ ತಿಳಿದಿರಬೇಕೆಂಬುದು ಅಂದಿನಿಂದ ನಮ್ಮ ಮತ. ಚೂರಿ, ಮೆಟ್ಟುಕತ್ತಿ, ಕಾಯಿ ಒಡೆಯುವ ಕತ್ತಿ, ಒಡೆದ ಸೋಡಾ ಬಾಟ್ಲಿ, ಇವುಗಳ ನಡುವೆಯೇ ದಿನದ ಹನ್ನೆರಡು ಗಂಟೆ ಕಳೆಯುವವರು ನಾವಲ್ಲದೆ ಇನ್ನಾರು?

ಮೊದಲು ಒಂದು ಭೇದವನ್ನು ತಿಳಿಯಬೇಕು. ಮರಣದ ಕಾರಣ ಬೇರೆ, ಮರಣದ ಬಗೆ ಬೇರೆ. "ತೊಡೆಯ ರಕ್ತನಾಳ ತುಂಡಾಗಿ ರಕ್ತಸ್ರಾವ" ಎಂಬುದು ಕಾರಣ. ಇದನ್ನು ಡಾಕ್ಟರರು ದೇಹವನ್ನು ನೋಡಿಯೇ ಹೇಳಬಲ್ಲರು. ಆ ಗಾಯ ಅಪಘಾತದಿಂದ ಆಯಿತೋ, ತಾನೇ ಮಾಡಿಕೊಂಡದ್ದೋ, ಪರರು ಮಾಡಿದ್ದೋ ಎಂಬುದು ಬಗೆ. ಇದನ್ನು ಬರಿಯ ದೇಹದಿಂದ ಹೇಳುವುದು ಬಹಳ ಸಲ ಆಗದ ಮಾತು. ಅಮೇರಿಕಾದಲ್ಲಿ ಪರೀಕ್ಷಿಸಿದ ವೈದ್ಯಾಧಿಕಾರಿಯೇ ಬಗೆಯನ್ನೂ ನಿರ್ಣಯಿಸಿ ಮರಣಪತ್ರದಲ್ಲಿ ಬರೆಯುತ್ತಾರೆ. ನಮ್ಮಲ್ಲಿ ಡಾಕ್ಟರರು ಕಾರಣ ಹೇಳಿ, ಬಗೆಯ ಬಗ್ಗೆ ಅಭಿಪ್ರಾಯ ಮಾತ್ರ ಕೊಡುತ್ತಾರೆ. ತನಿಖೆ ಪೋಲೀಸರದು, ಕಡೆಯ ಮಾತು ಕೋರ್ಟಿನದು. ಆದುದರಿಂದ "ಡಾಕ್ಟರು ಕೊಲೆಯೆಂದು ಯಾಕೆ ಬರೆಯಲಿಲ್ಲ, ದುಡ್ಡು ತಿಂದಿರಬೇಕು" ಎಂದು ಶವಾಗಾರದ ಮುಂದೆ ಕೂಗುವವರು ಕೊಂಚ ಸಮಾಧಾನ ತಂದುಕೊಳ್ಳಬೇಕು. "ಅಭಿಪ್ರಾಯ ಕಾಯ್ದಿರಿಸಿದೆ" ಎಂದು ಬರೆದರೂ ಹಾಗೆಯೇ. ಒಳಗಿನ ಅಂಗಗಳ ತುಣುಕುಗಳು ಕಲೀನಾದ ಪ್ರಯೋಗಶಾಲೆಗೆ ಹೋಗಿ, ಹೊಟ್ಟೆಯಲ್ಲಿ ಮದ್ಯವೋ ವಿಷವೋ ಇತ್ತೇ ಎಂಬ ವರದಿ ಬರುವ ತನಕ ತಡೆದಿದ್ದಾರೆ ಎಂದಷ್ಟೇ ಅದರ ಅರ್ಥ.

ಇನ್ನು ಗಾಯದ ಓದು. ಹರಿತವಾದ ಆಯುಧದ ಗಾಯಗಳನ್ನು ಮೂರು ಬಗೆಯಾಗಿ ನೋಡುತ್ತಾರೆ. ಆಳಕ್ಕಿಂತ ಉದ್ದ ಹೆಚ್ಚಿದ್ದರೆ ಕೊಯ್ತ. ಉದ್ದಕ್ಕಿಂತ ಆಳ ಹೆಚ್ಚಿದ್ದರೆ ತಿವಿತ. ಕಾಯಿ ಒಡೆಯುವ ಕತ್ತಿಯಂಥ ಭಾರದ ಆಯುಧ ಎಲುಬಿನ ತನಕ ಇಳಿದಿದ್ದರೆ ಕಡಿತ. ಇದಕ್ಕೂ ಮೊದಲು, ಅದು ಹರಿತದ ಗಾಯವೇ ಹೌದೋ ಎಂಬುದನ್ನು ನೋಡಬೇಕು. ತಲೆಯ ಚರ್ಮ ಎಲುಬಿನ ಮೇಲೆ ಬಿಗಿದುಕೊಂಡಿರುವುದರಿಂದ ಮೊಂಡ ಪೆಟ್ಟು ಬಿದ್ದರೂ ಚೂರಿಯಿಂದ ಸೀಳಿದಂತೆ ಬಿರಿಯುತ್ತದೆ. ಡಾಕ್ಟರರು ಕನ್ನಡಿ ಹಿಡಿದು ಗಾಯದ ಒಳಗೆ ನೋಡುತ್ತಾರೆ. ಅಂಚಿನಿಂದ ಅಂಚಿಗೆ ಸೇತುವೆಯಂತೆ ನಾರುಗಳು ಉಳಿದಿದ್ದರೆ, ಕೂದಲು ಜಜ್ಜಿ ಹೋಗಿದ್ದರೆ ಅದು ಮೊಂಡ ಪೆಟ್ಟು. ಎಲ್ಲವೂ ಒಂದೇ ನೇರಕ್ಕೆ ತುಂಡಾಗಿದ್ದರೆ ಹರಿತದ್ದು. ಮೆಟ್ಟಿಲಿನಿಂದ ಉರುಳಿದವನನ್ನು "ಕತ್ತಿಯಿಂದ ಕಡಿದರು" ಎಂದು ಬರೆಸಿ, ಇನ್ನೊಬ್ಬನನ್ನು ಜೈಲಿಗೆ ಕಳುಹಿಸುವ ಅನರ್ಥ ಇಷ್ಟು ಸಣ್ಣ ನೋಟದಿಂದ ತಪ್ಪಬಹುದು.

ಗಾಯವನ್ನು ನೋಡಿ "ಇದೇ ಚೂರಿ" ಎಂದು ಸಿನೇಮಾದ ಡಾಕ್ಟರರು ಹೇಳುವುದುಂಟು. ನಿಜದ ಡಾಕ್ಟರರು ಹೇಳುವುದಿಲ್ಲ. "ಇಂಥ ಚೂರಿಯಿಂದ ಆಗಿರಬಹುದು" ಎನ್ನುತ್ತಾರೆ. ಒಂದೇ ಅಲುಗಿನ ಚೂರಿಯಾದರೆ ಗಾಯದ ಒಂದು ಮೂಲೆ ಚೂಪಾಗಿಯೂ ಇನ್ನೊಂದು ಮೊಂಡಾಗಿಯೂ ಇರುವುದು ಸಾಮಾನ್ಯ. ಆದರೆ ನಮ್ಮ ಚರ್ಮ ಎಳೆದು ಕಟ್ಟಿದ ಬಟ್ಟೆಯಂತೆ. ಅದರ ಎಳೆಗಳಿಗೆ ಅಡ್ಡವಾಗಿ ತಿವಿದರೆ ಗಾಯ ಬಾಯಿ ತೆರೆಯುತ್ತದೆ, ಎಳೆಯ ಉದ್ದಕ್ಕೆ ತಿವಿದರೆ ಸಣ್ಣ ಗೀಟಾಗಿ ಮುಚ್ಚಿಕೊಳ್ಳುತ್ತದೆ. ಗಿರಣಿಯಲ್ಲಿ ಹಾಸು-ಹೊಕ್ಕು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚರ್ಮದ ಈ ಎಳೆಗಳನ್ನು ವಿಯೆನ್ನಾದ ಲಾಂಗರ್ ಎಂಬ ಪಂಡಿತರು 1861ರಲ್ಲಿಯೇ ಗುರುತಿಸಿಟ್ಟರು. ಅಲ್ಲದೆ ಹೊಟ್ಟೆ ಒತ್ತಿದರೆ ಒಳಗೆ ಹೋಗುವುದರಿಂದ ನಾಲ್ಕು ಅಂಗುಲದ ಚೂರಿ ಅದಕ್ಕಿಂತ ಆಳಕ್ಕೆ ಮುಟ್ಟೀತು. ಹೀಗಿರುವಾಗ ಗಾಯದ ಅಳತೆಯಿಂದಲೇ ಚೂರಿಯ ಅಳತೆ ಹೇಳುವುದು ದುಡುಕು.

ನಮ್ಮವರಲ್ಲಿ ಬೇರೂರಿರುವ ಇನ್ನೊಂದು ತಪ್ಪು ಕಲ್ಪನೆಯೆಂದರೆ, ಆಳವಾದ ಗಾಯಕ್ಕೆ ಬಹಳ ಬಲ ಬೇಕು, ಆದುದರಿಂದ ದ್ವೇಷದಿಂದಲೇ ತಿವಿದದ್ದು ಎಂಬುದು. ಬ್ರಿಟನ್ನಿನ ಬರ್ನಾರ್ಡ್ ನೈಟ್ ಎಂಬ ನ್ಯಾಯವೈದ್ಯರು 1970ರ ದಶಕದಲ್ಲಿ ಶವಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದೇನೆಂದರೆ, ಎಲುಬು ಅಡ್ಡ ಬರದಿದ್ದರೆ ಹೆಚ್ಚಿನ ತಡೆ ಇರುವುದು ಚರ್ಮದಲ್ಲಿ ಮಾತ್ರ. ಚೂಪಾದ ಮೊನೆ ಚರ್ಮವನ್ನು ದಾಟಿತೆಂದರೆ ಮುಂದೆ ಅದು ತಾನಾಗಿ ಹೋದಂತೆಯೇ ಹೋಗುತ್ತದೆ. ಮುಖ್ಯವಾದುದು ಮೊನೆಯ ಚೂಪು, ತೋಳಿನ ಬಲವಲ್ಲ. ಇದರಿಂದ ಎರಡು ಕಡೆಗೂ ಕತ್ತರಿ ಬೀಳುತ್ತದೆ. ಬೆಳಿಗ್ಗೆ ತಾನೇ ಮಸೆದ ಚೂರಿ ಹಿಡಿದವನ ಮೇಲೆ ಇನ್ನೊಬ್ಬ ಅವಸರದಲ್ಲಿ ಬಂದು ಬಿದ್ದರೆ ಆಳವಾದ ಗಾಯ ಆಗಬಹುದು. "ಅವನೇ ಬಂದು ಬಿದ್ದ" ಎನ್ನುವ ಕೊಲೆಗಾರನೂ ಇದೇ ಮಾತನ್ನು ಹಿಡಿದುಕೊಳ್ಳಬಹುದು. ಗಾಯದ ಆಳ ಒಂದನ್ನೇ ನೋಡಿ ಮನಸ್ಸಿನ ಉದ್ದೇಶ ಅಳೆಯಲಾಗದು ಎಂಬುದಂತೂ ದಿಟ.

ಹಾಗಾದರೆ ಡಾಕ್ಟರರು ಏನನ್ನು ನೋಡುತ್ತಾರೆ? ಕೈಗಳನ್ನು ನೋಡುತ್ತಾರೆ. ಹಲ್ಲೆ ನಡೆದಾಗ ಮನುಷ್ಯ ಚೂರಿಯನ್ನು ಹಿಡಿಯಲು ಹೋಗುತ್ತಾನೆ, ಮುಖಕ್ಕೆ ಕೈ ಅಡ್ಡ ತರುತ್ತಾನೆ. ಆದುದರಿಂದ ಅಂಗೈಯಲ್ಲಿ, ಬೆರಳುಗಳ ಒಳಮಡಿಕೆಯಲ್ಲಿ, ಮುಂಗೈಯ ಹೊರಬದಿಯಲ್ಲಿ ಗಾಯಗಳು ಕಾಣುತ್ತವೆ. ಇವು ಇದ್ದರೆ ಪರರ ಕೈವಾಡದ ಕಡೆಗೆ ಬಲವಾದ ಬೆರಳು ತೋರಿದಂತೆ. ಇಲ್ಲದಿದ್ದರೆ ಕೊಲೆಯಲ್ಲವೆಂದು ಹೇಳುವಂತಿಲ್ಲ. ನಿದ್ದೆಯಲ್ಲಿದ್ದವನು, ಕುಡಿದು ಮೈಮರೆತವನು, ಹಿಂದಿನಿಂದ ಹಠಾತ್ತನೆ ಪೆಟ್ಟು ತಿಂದವನು ಕೈ ಎತ್ತುವುದೆಲ್ಲಿ? ತಾನೇ ಮಾಡಿಕೊಂಡ ಗಾಯಗಳು ಕೈಗೆ ಎಟಕುವ ಜಾಗದಲ್ಲಿದ್ದು, ಮನಸ್ಸು ಹಿಂಜರಿದುದಕ್ಕೆ ಗುರುತಾಗಿ ಆಳವಿಲ್ಲದ ಗೀರುಗಳು ಪಕ್ಕಪಕ್ಕದಲ್ಲಿ ಇರುವುದುಂಟು. ಆದರೆ ಅವು ಇಲ್ಲದಿರುವುದೂ ಉಂಟು. ಬಟ್ಟೆಯೂ ಮಾತನಾಡುತ್ತದೆ. ಬಟ್ಟೆಯ ತೂತು ಗಾಯಕ್ಕೆ ಹೊಂದುತ್ತದೆಯೇ? ರಕ್ತದ ಹನಿಗಳು ಪಾದದ ಮೇಲೆ ನೇರವಾಗಿ ಬಿದ್ದಿದ್ದರೆ ಗಾಯವಾದ ಮೇಲೂ ಅವನು ನಿಂತಿದ್ದನೆಂದು ಅರ್ಥ. ಎದೆಗೆ ಗಾಯವಾದವನು ಸ್ವಲ್ಪ ದೂರ ನಡೆದು ಹೋಗಿ ಬಿದ್ದ ಉದಾಹರಣೆಗಳೂ ಈ ಶಾಸ್ತ್ರದಲ್ಲಿ ಬೇಕಾದಷ್ಟಿವೆ. ಆದುದರಿಂದ ದೇಹ ಸಿಕ್ಕಿದ ಜಾಗವೇ ಗಾಯವಾದ ಜಾಗವೆಂದು ತಿಳಿಯಬಾರದು.

ಇಲ್ಲಿ ನಮ್ಮ ವರ್ಗಕ್ಕೇ ಸೇರಿದ ಒಂದು ಮಾತನ್ನು ಹೇಳಬೇಕು. ನಮ್ಮ ಕೈಗಳು ಯಾವಾಗಲೂ ಗಾಯದ ಕೈಗಳು. ದಿನಕ್ಕೆ ಒಂದು ಮೂಟೆ ಈರುಳ್ಳಿ ಹೆಚ್ಚುವವನ ಎಡಗೈ ಬೆರಳುಗಳಲ್ಲಿ ಇಂದಿನದೊಂದು, ಹೋದ ವಾರದ್ದೊಂದು, ಕಳೆದ ತಿಂಗಳದೊಂದು ಗೀರು ಇದ್ದೇ ಇರುತ್ತದೆ. ಇದನ್ನು ಅರಿಯದವರು ಅವುಗಳನ್ನೇ ಹೋರಾಟದ ಗುರುತೆಂದೋ ಹಿಂಜರಿಕೆಯ ಗೀರೆಂದೋ ಬರೆದುಬಿಟ್ಟರೆ ಗತಿಯೇನು? ನಾವು ಮೇಲೆ ಹೇಳಿದ ಪ್ರಸಂಗದಲ್ಲಿ ಪಂಚನಾಮೆಯಲ್ಲಿ "ಎರಡೂ ಕೈಗಳಲ್ಲಿ ಹಲವು ಗಾಯ" ಎಂದೇ ಬರೆದಿತ್ತು. ಪಾತ್ರೆ ತೊಳೆಯುವ ಹುಡುಗನ ಕುತ್ತಿಗೆಗೆ ಅದೇ ಉರುಳಾಗುತ್ತಿತ್ತು. ಹಕ್ಕಳೆ ಕಟ್ಟಿದ್ದು ಯಾವುದು, ಮಾಯ್ದದ್ದು ಯಾವುದು, ಹೊಸದು ಯಾವುದು ಎಂದು ಡಾಕ್ಟರರು ಒಂದೊಂದನ್ನೇ ಬೇರೆ ಮಾಡಿ ಬರೆದುದರಿಂದ ಬದುಕಿದ.

ಅಪಘಾತವೂ ಕೊಲೆಯ ವೇಷ ಹಾಕಬಲ್ಲದು. ಈಗ ನಮ್ಮ ಹೋಟೇಲುಗಳ ಎಷ್ಟೋ ಹುಡುಗರು ಮೋಟಾರು ಸೈಕಲಿನ ಮೇಲೆ ಪಾರ್ಸೆಲ್ ಒಯ್ಯುತ್ತಾರೆ. ಸಂಕ್ರಾಂತಿಯ ದಿನಗಳಲ್ಲಿ ಗಾಳಿಪಟದ ನೈಲಾನ್ ಮಾಂಜಾ ಕುತ್ತಿಗೆಗೆ ಸಿಕ್ಕಿ ಸತ್ತವರ ಸುದ್ದಿ ಪ್ರತಿ ವರ್ಷವೂ ಓದುತ್ತೇವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು 2017ರ ಜುಲೈಯಲ್ಲಿ ಇದನ್ನು ದೇಶದಲ್ಲೆಲ್ಲ ನಿಷೇಧಿಸಿದರೂ ಮಾರಾಟ ನಿಂತಿಲ್ಲ. ಕುತ್ತಿಗೆಗೆ ಅಡ್ಡವಾದ ನೇರ ಗಾಯ, ದಾರವನ್ನು ಕಿತ್ತುಹಾಕಲು ಹೋದ ಬೆರಳುಗಳಲ್ಲಿಯೂ ಗಾಯ: ರಸ್ತೆಯಲ್ಲಿ ದಾರ ಸಿಕ್ಕದೆ ಹೋದರೆ ಇದನ್ನು ಕೊಲೆಯೆಂದು ತಿಳಿಯುವುದರಲ್ಲಿ ಆಶ್ಚರ್ಯವೇನಿದೆ? ಸ್ಥಳ ತಿಳಿಯದೆ ಗಾಯ ಅರ್ಥವಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಪರಿಣತರೂ ಎಡವುತ್ತಾರೆ, ಜಗಳಾಡುತ್ತಾರೆ. ಅಮೇರಿಕಾದ ಫಿಲಡೆಲ್ಫಿಯಾ ನಗರದಲ್ಲಿ 2011ರ ಜನವರಿಯಲ್ಲಿ 27 ವರ್ಷದ ಶಾಲಾ ಶಿಕ್ಷಕಿಯೊಬ್ಬಳು ತನ್ನ ಮನೆಯಲ್ಲಿ ಇಪ್ಪತ್ತು ಚೂರಿ ಗಾಯಗಳೊಂದಿಗೆ ಸತ್ತು ಬಿದ್ದಿದ್ದಳು. ಅವುಗಳಲ್ಲಿ ಹಲವು ಕುತ್ತಿಗೆಯ ಹಿಂಬದಿಯಲ್ಲಿ. ಪರೀಕ್ಷಿಸಿದ ಡಾಕ್ಟರರು ಮೊದಲು ಕೊಲೆಯೆಂದು ಬರೆದು, ಪೋಲೀಸರೊಡನೆ ಮಾತುಕತೆಯಾದ ಮೇಲೆ ಆತ್ಮಹತ್ಯೆಯೆಂದು ತಿದ್ದಿದರು. ತಂದೆತಾಯಿಗಳು ವರ್ಷಗಟ್ಟಲೆ ಕೋರ್ಟು ಹತ್ತಿದರು. 2025ರ ಆರಂಭದಲ್ಲಿ ಅದೇ ಡಾಕ್ಟರರು, ಆತ್ಮಹತ್ಯೆ ಎಂಬ ಬಗೆ ಸರಿಯಲ್ಲವೆಂದು ಬರೆದುಕೊಟ್ಟರು. ನಗರದವರು ಪುನಃ ಪರಿಶೀಲಿಸುವುದಾಗಿ ಒಪ್ಪಿ, ಅದೇ ವರ್ಷದ ಅಕ್ಟೋಬರಿನಲ್ಲಿ ಮತ್ತೆ ಆತ್ಮಹತ್ಯೆಯೆಂದೇ ಹೇಳಿದರು. ಗಾಯಗಳ ಸಂಖ್ಯೆ ನೋಡಿ ಸಾಮಾನ್ಯರಾದ ನಾವು ಥಟ್ಟನೆ ಒಂದು ಮಾತು ಹೇಳಿಬಿಡುತ್ತೇವೆ. ಸಂಖ್ಯೆ ಒಂದರಿಂದಲೇ ಬಗೆ ತೀರ್ಮಾನವಾಗದೆಂದು ಶಾಸ್ತ್ರ ಹೇಳುತ್ತದೆ. ಸರಿ. ಆದರೆ ಒಮ್ಮೆ ಬರೆದ ಅಭಿಪ್ರಾಯವನ್ನು ತಿದ್ದುವಾಗ ಯಾವ ಹೊಸ ಸಾಕ್ಷಿಯಿಂದ ತಿದ್ದಿದೆವೆಂಬುದನ್ನು ಮನೆಯವರಿಗೆ ಬಿಡಿಸಿ ಹೇಳಬೇಡವೇ? ಇಲ್ಲದಿದ್ದರೆ ಸತ್ಯವನ್ನೇ ಹೇಳಿದರೂ ಯಾರು ನಂಬುತ್ತಾರೆ?

ಅಷ್ಟು ದೂರ ಯಾಕೆ? ನೊಯ್ಡಾದಲ್ಲಿ 2008ರ ಮೇ 16ರಂದು ಒಂದು ಮನೆಯಲ್ಲಿ ಹದಿಮೂರು ವರ್ಷದ ಬಾಲಿಕೆ ತಲೆಗೆ ಪೆಟ್ಟು ಬಿದ್ದು, ಕುತ್ತಿಗೆ ಕೊಯ್ದ ಸ್ಥಿತಿಯಲ್ಲಿ ಸಿಕ್ಕಳು. ಮನೆಗೆಲಸಕ್ಕಿದ್ದ ನೇಪಾಳಿ ಕಾಣುತ್ತಿರಲಿಲ್ಲ. ಅವನೇ ಕೊಂದು ಓಡಿಹೋದನೆಂದು ಪೋಲೀಸರು ಅಂದೇ ಹೇಳಿದರು. ಮರುದಿನ ಅದೇ ಮನೆಯ ತಾರಸಿಯ ಮೇಲೆ ಆ ಬಡವನ ಹೆಣ ಸಿಕ್ಕಿತು. ಅವನ ಕುತ್ತಿಗೆಯನ್ನೂ ಹಾಗೆಯೇ ಕೊಯ್ದಿದ್ದರು. ಸತ್ತವನನ್ನು ಒಂದು ದಿನ ಕೊಲೆಗಾರನೆಂದು ಹುಡುಕಿದರು! ಆಮೇಲೆ ಮನೆಗೆಲಸ, ಕಂಪೌಂಡರ್ ಕೆಲಸದ ಇನ್ನೂ ಮೂವರನ್ನು ಹಿಡಿದು, ತಿಂಗಳುಗಟ್ಟಲೆ ಜೈಲಿನಲ್ಲಿಟ್ಟು, ದೋಷಾರೋಪಪಟ್ಟಿಯಿಲ್ಲದೆ ಬಿಟ್ಟರು. ಆಯುಧ ಖುಕ್ರಿಯೆಂದು ಮೊದಲ ತನಿಖೆಯವರು, ಗಾಲ್ಫ್ ಕೋಲು ಮತ್ತು ಡಾಕ್ಟರರ ಸಣ್ಣ ಚೂರಿಯೆಂದು ಎರಡನೆಯ ತನಿಖೆಯವರು. ಖುಕ್ರಿಯೆಂದರೆ ಆಳುಗಳ ಮೇಲೆ ಸಂಶಯ, ಡಾಕ್ಟರರ ಚೂರಿಯೆಂದರೆ ದಂತವೈದ್ಯರಾದ ತಂದೆತಾಯಿಗಳ ಮೇಲೆ ಸಂಶಯ. ಗಾಯ ಅದೇ, ಅದನ್ನು ಓದುವವರು ಬದಲಾದಂತೆ ಅಪರಾಧಿ ಬದಲಾದ. 2013ರಲ್ಲಿ ಶಿಕ್ಷೆಯಾದ ತಂದೆತಾಯಿಗಳನ್ನು ಅಲಹಾಬಾದ ಹೈಕೋರ್ಟು 2017ರ ಅಕ್ಟೋಬರ 12ರಂದು ಬಿಡುಗಡೆ ಮಾಡಿತು. ಆ ಮನೆಗೆಲಸದವನನ್ನು ಕೊಂದವರು ಯಾರೆಂಬುದು ಕೋರ್ಟಿನಲ್ಲಿ ಸಿದ್ಧವಾಗದೆಯೇ ಉಳಿಯಿತು. ಪರಸ್ಥಳದಲ್ಲಿ, ಪರರ ಮನೆಯಲ್ಲಿ ದುಡಿದು ಅಲ್ಲಿಯೇ ಮಲಗುವವರಿಗೆ ಈ ಕಥೆ ಬೇಗ ಮರೆಯುವುದಿಲ್ಲ.

ಈಗ ನಮ್ಮ ಊಟದ ಪ್ರಶ್ನೆಗೆ ಬರೋಣ. "ಬಗೆ" ಎಂಬ ಒಂದು ಶಬ್ದದ ಮೇಲೆ ಊರಿನಲ್ಲಿರುವ ಮುದುಕಿಯ ಅನ್ನ ನಿಂತಿದೆ. ಕೆಲಸದಿಂದ ಹುಟ್ಟಿ ಕೆಲಸದ ಅವಧಿಯಲ್ಲಿ ಸಂಭವಿಸಿದ ಅಪಘಾತಕ್ಕೆ ಮಾಲಿಕರು ಪರಿಹಾರ ಕೊಡಬೇಕೆಂಬ ತತ್ವವು 1923ರ ಕಾಯಿದೆಯಿಂದ ಬಂದದ್ದು, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಕೊಂಡಿದೆ. ಕಾಗದದಲ್ಲಿ "ತಾನೇ ಮಾಡಿಕೊಂಡದ್ದು" ಎಂದು ಬಿದ್ದರೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ. ಗಲ್ಲಾದವರಿಗೆ ಆ ಮಾತು ಅಷ್ಟು ಬೇಗ ಬಾಯಿಗೆ ಬರುವುದು ಯಾಕೆಂದು ಇನ್ನು ಹೇಳಬೇಕೇ? ಎಲ್ಲ ಮಾಲಿಕರೂ ಅಂಥವರಲ್ಲ, ಆಸ್ಪತ್ರೆಯ ಖರ್ಚು ಹಾಕಿ ದೇಹವನ್ನು ಊರ ತನಕ ಮುಟ್ಟಿಸಿದವರನ್ನೂ ನಾವು ಕಂಡಿದ್ದೇವೆ. ಇನ್ನೊಂದು ಸಂಗತಿಯೂ ಗೊತ್ತಿರಲಿ: ಡಾಕ್ಟರರ ಲೆಕ್ಕದಲ್ಲಿ ಕೊಲೆಯಾದುದು ಪರಿಹಾರದ ಲೆಕ್ಕದಲ್ಲಿ ಅಪಘಾತವಾಗಲೂಬಹುದು. ಗಾಡಿ ಕದಿಯಲು ಬಂದವರು ಆಟೋರಿಕ್ಷಾ ಚಾಲಕನನ್ನು ಕೊಂದ ಪ್ರಕರಣದಲ್ಲಿ, ಕಳ್ಳತನವೇ ಮುಖ್ಯ ಉದ್ದೇಶವಾಗಿದ್ದುದರಿಂದ ಅದು ಅಪಘಾತರೂಪದ ಕೊಲೆಯೆಂದು 2000ದಲ್ಲಿ ಸುಪ್ರೀಂ ಕೋರ್ಟು ಹೇಳಿ ಮನೆಯವರಿಗೆ ಪರಿಹಾರ ಕೊಡಿಸಿತು. ರಾತ್ರಿ ಗಲ್ಲಾ ಕಾಯುತ್ತಿದ್ದವನನ್ನು ಕಳ್ಳರು ತಿವಿದರೆ "ಕೊಲೆಯಲ್ಲವೇ, ನಮಗೇನು" ಎಂದು ಯಾರಾದರೂ ಅಂದರೆ ಸುಮ್ಮನೆ ಹಿಂತಿರುಗಬೇಡಿ.

ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರಿಗೆ ನೆನಪಿರಬಹುದು. 1982ರ ಮುಷ್ಕರಕ್ಕೆ ಮೊದಲು ಲಾಲಬಾಗ, ಪರೇಲದ ಗಿರಣಿಗಳು ತಿರುಗುತ್ತಿದ್ದ ಕಾಲದಲ್ಲಿ ಯಂತ್ರಕ್ಕೆ ಸಿಕ್ಕಿ ಯಾರಾದರೂ ಸತ್ತರೆ ಪೋಲೀಸರಲ್ಲದೆ ಕಾರ್ಖಾನೆ ಇನ್‌ಸ್ಪೆಕ್ಟರರಿಗೂ ಸುದ್ದಿ ಹೋಗಲೇಬೇಕಿತ್ತು. ಹೋಟೇಲಿನ ಅಡುಗೆಮನೆಗೆ ಆ ಭಾಗ್ಯವಿರಲಿಲ್ಲ. 1948ರ ಕಾರ್ಖಾನೆ ಕಾಯಿದೆಯಲ್ಲಿ, 1976ರ ತಿದ್ದುಪಡಿಯಿಂದ, ಹೋಟೇಲು ಉಪಾಹಾರಗೃಹಗಳನ್ನು ಕಾರ್ಖಾನೆಯ ವ್ಯಾಖ್ಯೆಯಿಂದ ಹೊರಗೇ ಇಟ್ಟರು. ಮುಂಬಯಿಯಲ್ಲಿ 1871ರ ಕಾಯಿದೆಯಂತೆ ಕೊರೋನರ್ ಎಂಬ ಅಧಿಕಾರಿಯಿದ್ದು ಸಂಶಯಾಸ್ಪದ ಮರಣಗಳ ವಿಚಾರಣೆ ನಡೆಸುತ್ತಿದ್ದರು. ಅದೂ 1999ರಲ್ಲಿ ನಿಂತುಹೋಯಿತು. ಆ ಪದ್ಧತಿ ಮರಳಿ ಬರಲೆಂದು ನಾವು ಅಳುವುದಿಲ್ಲ, ಅದರ ನಿಧಾನವೂ ನಮಗೆ ಗೊತ್ತು. ಆದರೆ ಹೋಟೇಲಿನಲ್ಲಿ ಸತ್ತವನ ವಿಷಯದಲ್ಲಿ ಈಗ ಮೊದಲ ಕಾಗದವೆಂದರೆ ಪೋಲೀಸರ ಪಂಚನಾಮೆ ಒಂದೇ ಎಂಬುದನ್ನು ಮರೆಯಬಾರದು.

ಈ ಪಂಚನಾಮೆಯು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಂತೆ ನಡೆಯುತ್ತದೆ; ಹಿಂದೆ 174 ಎಂದು ಕರೆಯುತ್ತಿದ್ದೆವು. ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಎದುರಿನಲ್ಲಿ ದೇಹದ ಮೇಲಿನ ಗಾಯಗಳು, ಅವು ಹೇಗೆ, ಯಾವ ಆಯುಧದಿಂದ ಆದಂತೆ ತೋರುತ್ತವೆ ಎಂಬುದನ್ನು ಬರೆಯಬೇಕು. ಅದು ಬಹುಮಟ್ಟಿಗೆ ಮರಾಠಿಯಲ್ಲಿರುತ್ತದೆ. ನಮ್ಮ ಹುಡುಗರು ಓದದೆ, ಕೇಳದೆ, ಬೆರಳು ತೋರಿದಲ್ಲಿ ಸಹಿ ಹಾಕುತ್ತಾರೆ. ಇನ್ನು ಮುಂದೆ ಹಾಗೆ ಮಾಡಬೇಡಿರೆಂದು ನಾವು ಕೈಮುಗಿದು ಕೇಳಿಕೊಳ್ಳುತ್ತೇವೆ. ಓದಿಸಿ, ಹಿಂದಿಯಲ್ಲಾದರೂ ಹೇಳಿಸಿ, ಆಮೇಲೆ ಸಹಿ ಹಾಕಿ. ಗಾಯವಾದವನಿಗೆ ಉಸಿರಿದ್ದರೆ ಎಲ್ಲಕ್ಕಿಂತ ಮೊದಲು ಆಸ್ಪತ್ರೆ. ಆಗ ನೆಲ, ಚೂರಿ ಎಂದು ನೋಡುತ್ತ ನಿಲ್ಲಬಾರದು. ಜೀವ ಹೋಗಿದ್ದರೆ ಅಡುಗೆಮನೆಯ ಬಾಗಿಲು ಮುಚ್ಚಿ, ನೆಲ ತೊಳೆಯಬೇಡಿ, ಚೂರಿ ಎತ್ತಬೇಡಿ, ಬಟ್ಟೆ ಚಪ್ಪಲಿ ಮುಟ್ಟಬೇಡಿ. ಒಂದು ದಿನದ ವ್ಯಾಪಾರ ಹೋದೀತು, ಹೋಗಲಿ.

ಊರಿಗೆ ಬೇಗ ಒಯ್ಯಬೇಕೆಂಬ ಅವಸರವನ್ನು ನಾವು ಬಲ್ಲೆವು. ರಾತ್ರಿಯೇ ಪರೀಕ್ಷೆ ಮುಗಿಸಿ ಕೊಡಿರೆಂದು ಜಗಳ ಕಾಯುವುದೂ ಉಂಟು. ಸೂರ್ಯಾಸ್ತದ ನಂತರವೂ ಶವಪರೀಕ್ಷೆ ಮಾಡಬಹುದೆಂದು ಕೇಂದ್ರ ಸರ್ಕಾರವು 2021ರ ನವೆಂಬರಿನಲ್ಲಿ ಅಪ್ಪಣೆ ಕೊಟ್ಟಿತಾದರೂ, ಕೊಲೆ, ಆತ್ಮಹತ್ಯೆ, ಸಂಶಯದ ಮರಣಗಳನ್ನು ಸಾಮಾನ್ಯವಾಗಿ ಅದರಿಂದ ಹೊರಗಿಟ್ಟಿದೆ. ಕಂದುಗಟ್ಟಿದ ಗಾಯದ ಬಣ್ಣ ಹಗಲಿನ ಬೆಳಕಿನಲ್ಲಿ ಕಂಡಂತೆ ದೀಪದಲ್ಲಿ ಕಾಣದು. ಒಂದು ರಾತ್ರಿ ಕಾದರೆ ನಷ್ಟವೇನೂ ಇಲ್ಲ. ಚಿತೆಗೆ ಏರಿಸಿದ ಮೇಲೆ ಮಾತ್ರ ಯಾವ ಕೋರ್ಟೂ ಗಾಯವನ್ನು ಮತ್ತೆ ತೋರಿಸಲಾರದು.

ಸರ್ಕಾರದವರಿಗೂ ಒಂದು ಮಾತು. ನಮ್ಮಲ್ಲಿ ಡಾಕ್ಟರರು ಸ್ಥಳಕ್ಕೆ ಹೋಗುವುದು ಅಪರೂಪ. ದೇಹ ಅವರಲ್ಲಿಗೆ ಬರುತ್ತದೆ, ಚೂರಿ ಎಷ್ಟೋ ದಿನಗಳ ಮೇಲೆ ಪೊಟ್ಟಣದಲ್ಲಿ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಆಯುಧವನ್ನು ವೈದ್ಯಸಾಕ್ಷಿಗೆ ತೋರಿಸಿ ಅಭಿಪ್ರಾಯ ಪಡೆಯುವುದು ಸರ್ಕಾರಿ ಪಕ್ಷದ ಕರ್ತವ್ಯವೆಂದು ಸುಪ್ರೀಂ ಕೋರ್ಟು 1970ರ ದಶಕದಲ್ಲಿಯೇ ಹೇಳಿದೆ. ಹರಿತದ ಗಾಯದಿಂದಾದ ಪ್ರತಿಯೊಂದು ಮರಣದಲ್ಲಿಯೂ ಸ್ಥಳದ ಚಿತ್ರಗಳು ಪರೀಕ್ಷೆಗೆ ಮೊದಲೇ ಡಾಕ್ಟರರ ಮೇಜಿನ ಮೇಲೆ ಇರಬೇಕು. ಈಗ ಪ್ರತಿಯೊಬ್ಬ ಪೇದೆಯ ಜೇಬಿನಲ್ಲಿಯೂ ಕ್ಯಾಮರಾ ಇರುವಾಗ ಇದು ದೊಡ್ಡ ಬೇಡಿಕೆಯೇನಲ್ಲ. ವರದಿಯ ಪ್ರತಿಯನ್ನು ಮನೆಯವರು ಕೇಳಿದಾಗ ನಾಳೆ ಬಾ ಎನ್ನದೆ ಕೊಡಬೇಕು. ಊರಿನಿಂದ ಬಂದ ತಂದೆಗೆ ಮುಂಬಯಿಯಲ್ಲಿ ನಾಳೆಯ ತನಕ ಉಳಿಯಲು ಜಾಗವಿರುವುದಿಲ್ಲ.

ತಾನೇ ಮಾಡಿಕೊಳ್ಳುವವರೂ ನಮ್ಮಲ್ಲಿ ಇಲ್ಲವೆಂದು ನಾವು ಹೇಳುವುದಿಲ್ಲ. ಸಾಲ, ಒಂಟಿತನ, ಊರಿನ ಚಿಂತೆ ಅಟ್ಟದ ಮೇಲೆ ಎಲ್ಲರ ಜೊತೆಯಲ್ಲಿಯೇ ಮಲಗಿರುತ್ತವೆ. ಪಕ್ಕದವನು ನಾಲ್ಕು ದಿನದಿಂದ ಮಾತು ಬಿಟ್ಟಿದ್ದರೆ "ಏನಪ್ಪಾ" ಎಂದು ಕೇಳಿ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಣವಿಲ್ಲದೆ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮೇಲೆ ಹೇಳಿದ ತರುಣನ ಮನೆಯವರಿಗೆ ಪರಿಹಾರ ಸಿಕ್ಕಲು ಎರಡು ವರ್ಷ ಹಿಡಿಯಿತು. ಮ್ಯಾನೇಜರರು ಫೋನಿನಲ್ಲಿ ಹೇಳಿದ ಮಾತನ್ನು ಆ ತಾಯಿಯ ಮನಸ್ಸಿನಿಂದ ತೆಗೆಯಲು ಇನ್ನೂ ಹೆಚ್ಚು ಕಾಲ ಬೇಕಾಯಿತು. ನಮ್ಮ ಕಾರ್ಯಕರ್ತರೊಬ್ಬರು ರಜೆಗೆ ಊರಿಗೆ ಹೋದಾಗ ವರದಿಯ ಪ್ರತಿಯನ್ನು ಒಯ್ದು, ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿ ಬಂದರು. ಪಾತ್ರೆ ತೊಳೆಯುತ್ತಿದ್ದ ಹುಡುಗ ಆ ಹೋಟೇಲನ್ನು ಬಿಟ್ಟು ಈಗ ಬೇರೆ ಕಡೆ ಸಪ್ಲೈಯರ್ ಆಗಿದ್ದಾನೆ. ಇನ್ನು ಮುಂದೆ ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ಸಂಘದ ಕಚೇರಿಯಲ್ಲಿ ಪಂಚನಾಮೆಯ ಮತ್ತು ಶವಪರೀಕ್ಷಾ ವರದಿಯ ಮಾದರಿಗಳನ್ನು ಕನ್ನಡದಲ್ಲಿ ಓದಿ ವಿವರಿಸುವ ವ್ಯವಸ್ಥೆಯಾಗಿದೆ. ರಾತ್ರಿ ಪಾಳಿಯವರು ಎದ್ದು ಬರಲು ಅನುಕೂಲವಾಗಲೆಂದು ವೇಳೆಯನ್ನು ಐದು ಗಂಟೆಗೆ ಇಟ್ಟಿದ್ದೇವೆ.